ಉಪ್ಪಿನ ಉನಾಳ ಒಣ ಮೈದಾನ

ಹಾಕಿಯ ಲೋಕಮಂಡಳಿಯವರು ಈಗ ನೀರು ಬೇಡದ ಮೈದಾನಗಳ ಮಾತಾಡತೊಡಗಿದ್ದಾರೆ. ಅದು ಕಿವಿಗೆ ಬಿದ್ದಾಗಿನಿಂದ ನಮ್ಮ ಬಾರ್ಬಡೋಸಿನಲ್ಲಿ ಕೆಲವರಿಗೆ ಉನಾ ಗಿಟನ್ಸಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿಬಂದಿದೆ. "ಉನಾಗೆ ಇದೆಲ್ಲ ಮೊದಲೇ ಗೊತ್ತಿತ್ತು ನೋಡಿ" ಎಂದು ನನ್ನ ಅಂಗಡಿಯ ಮುಂದೆಯೇ ನಿಂತು, ನನ್ನ ಮೀನಿನ ವಡೆಯನ್ನೇ ತಿನ್ನುತ್ತಾ ಹೇಳುತ್ತಾರೆ. ಆ ದಿನ ಅವಳಿಗೆ ಛೀಮಾರಿ ಹಾಕಿದವರೂ ಇವರೇ. ಅವಳಿಗೆ ಮೊದಲೇ ಏನೂ ಗೊತ್ತಿರಲಿಲ್ಲ. ಆ ಶನಿವಾರ ಟ್ಯಾಂಕರಿನಲ್ಲಿ ಅವಳ ಪಕ್ಕ ಕೂತಿದ್ದವಳು ನಾನು, ಆದ್ದರಿಂದ ಅವಳು ಬೇಡವೆಂದಳೆಂದು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ನಾನೇ ಹೇಳುತ್ತೇನೆ.

ನಾನು ಮಾರ್ವಾ. ಮೊಣಕಾಲು ಕೈಕೊಡುವವರೆಗೆ ಗೋಲು ಕಾದೆ, ಈಗ ಮೈದಾನದ ಬಾಗಿಲಲ್ಲಿ ಬನ್ನಿನ ನಡುವೆ ಮೀನಿನ ವಡೆ ಇಟ್ಟು ಮಾರುತ್ತೇನೆ. ಉನಾ ಮತ್ತು ನಾನು ಒಂದೇ ಕ್ಲಬ್ಬಿನವರು. ಅವಳು ನನ್ನ ಮುಂದೆ ನಿಂತು ರಕ್ಷಣೆಗೆ ಆಡುತ್ತಿದ್ದಳು. ಎದುರಾಳಿಯನ್ನು ತಡೆದದ್ದಕ್ಕಿಂತ ಹಿಂತಿರುಗಿ ನನ್ನನ್ನು ಬೈದದ್ದೇ ಹೆಚ್ಚು. ಆಟ ಬಿಟ್ಟ ಮೇಲೂ ಅವಳಿಗೆ ಮೈದಾನ ಬಿಡಲಾಗಲಿಲ್ಲ. ಸೀಟಿ ಹಿಡಿದಳು. ಆಮೇಲೆ ಸೀಟಿ ಊದುವವರ ಮೇಲೆ ಕಣ್ಣಿಡುವ ಮೇಜಿನ ಹಿಂದೆ ಕೂತಳು.

ಹೊಟ್ಟೆಪಾಡಿಗೆ ಅವಳು ನೀರಿನ ಟ್ಯಾಂಕರು ಓಡಿಸುತ್ತಿದ್ದಳು. ಒಣಗಾಲದಲ್ಲಿ ಗುಡ್ಡದ ಊರುಗಳ ನಲ್ಲಿ ಬರೀ ಗಾಳಿ ಉಗುಳುತ್ತದೆ. ಆಗ ಅಲ್ಲಿಯವರು ಕಾಯುವುದು ಉನಾಳ ಹಾರನ್ನಿಗೆ. ಎರಡು ಗಿಡ್ಡ, ಒಂದು ಉದ್ದ. ಹಾಕಿಯ ನಿಯಮಗಳನ್ನು ಅವಳು ಕಲಿತದ್ದು ಆ ಟ್ಯಾಂಕರಿನಲ್ಲಿ ಕೂತೇ, ಡ್ರಮ್ಮುಗಳು ತುಂಬುವ ಹೊತ್ತಿನಲ್ಲಿ. ಕಲಿತು ಕಲಿತು ಪರೀಕ್ಷೆಗಳನ್ನು ದಾಟಿ, ಲೋಕಮಂಡಳಿಯವರು ಪಂದ್ಯಾವಳಿಗಳಿಗೆ ನೇಮಿಸುವ ಮೈದಾನದ ಅಧಿಕಾರಿಗಳಲ್ಲಿ ಒಬ್ಬಳಾದಳು. ಚೆಂಡು, ಕೋಲು, ಬಲೆ, ಹುಲ್ಲು ಎಲ್ಲ ಸರಿಯಿದೆ ಎಂದು ಅವಳು ಹೇಳಿದ ಮೇಲೆಯೇ ಆಟ ಶುರು. ಗಯಾನಾ, ಮೆಕ್ಸಿಕೋ, ಬ್ರೆಜಿಲ್ ಎಲ್ಲ ಕಡೆ ಹೋಗಿ ಬಂದಳು. ಇಷ್ಟು ಚಿಕ್ಕ ದ್ವೀಪದ ಟ್ಯಾಂಕರು ಡ್ರೈವರಿನ ಮಾತಿಗೆ ದೊಡ್ಡ ದೊಡ್ಡ ದೇಶದ ತಂಡಗಳು ಕೋಲು ಬದಲಾಯಿಸುತ್ತಿದ್ದವು ಎಂದರೆ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಆ ಹುದ್ದೆಯ ಜೊತೆ ಒಂದು ನೀಲಿ ಕೋಟು ಬಂತು. ಯಾವ ರಾಕ್ಷಸನ ಅಳತೆಗೆ ಹೊಲಿದಿದ್ದರೋ, ತೋಳು ಬೆರಳ ತುದಿ ಮುಚ್ಚುತ್ತಿತ್ತು. "ಕತ್ತರಿಸಿ ಕೊಡ್ತೀನಿ ಕೊಡೇ" ಎಂದರೆ ಕೊಡಲಿಲ್ಲ. "ಇದು ನನ್ನ ಕೋಟಲ್ಲ ಮಾರ್ವಾ, ಹಾಕೀದು. ನಾಳೆ ಇನ್ನೊಬ್ಬರು ಹಾಕ್ಕೋಬೇಕು" ಎಂದಳು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ನಕ್ಕೆ, ಅವಳು ನಗಲಿಲ್ಲ.

ಇಷ್ಟೆಲ್ಲ ಮಾಡಿದರೂ ಊರಲ್ಲಿ ಅವಳ ಹೆಸರು ಉಪ್ಪಿನ ಉನಾ. ಅದಕ್ಕೂ ಕಾರಣವಿದೆ. ನಮ್ಮ ಪ್ಲಾಸ್ಟಿಕ್ ಹುಲ್ಲಿನ ಮೈದಾನ ಹೊಸದಾಗಿದ್ದಾಗ ಟ್ರಿನಿಡಾಡಿನ ಹೆಂಗಸರ ಜೊತೆ ಸ್ನೇಹದ ಪಂದ್ಯವೊಂದಿತ್ತು. ಆಟಕ್ಕೆ ಮುಂಚೆ ಆ ಹುಲ್ಲನ್ನು ಚೆನ್ನಾಗಿ ನೆನೆಸಬೇಕು. ಇಲ್ಲದಿದ್ದರೆ ಚೆಂಡು ಓಡುವುದಿಲ್ಲ, ಬಿದ್ದವರ ಚರ್ಮ ಉಳಿಯುವುದಿಲ್ಲ. ಅವತ್ತು ನಲ್ಲಿಯಲ್ಲಿ ಹನಿ ನೀರಿಲ್ಲ. ಉನಾಗೆ ಹೊಳೆಯಿತು: ಸುತ್ತ ಸಮುದ್ರವೇ ಇರುವಾಗ ನೀರಿಗೇನು ಬರ? ಮೀನು ಮಾರುಕಟ್ಟೆಯ ಹುಡುಗರನ್ನು ಹಿಡಿದು, ಪಂಪು ಹಚ್ಚಿ, ಟ್ಯಾಂಕರು ತುಂಬಿ ಸಮುದ್ರವನ್ನೇ ತಂದು ಸುರಿದಳು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಹತ್ತು ನಿಮಿಷದಲ್ಲಿ ಮೈದಾನ ಒಣಮೀನಿನ ಚಾಪೆಯ ಹಾಗೆ ಬೆಳ್ಳಗಾಯಿತು. ಟ್ರಿನಿಡಾಡಿನ ಇಂದ್ರಾಣಿ ರಾಮ್‌ಕಿಸೂನ್ ಎಂಬವಳು ಜಾರಿ ಬಿದ್ದಳು ನೋಡಿ, ಕೆತ್ತಿದ ಮೊಣಕಾಲಿಗೆ ಉಪ್ಪು! ಅವಳ ಕೂಗು ಪಕ್ಕದ ದ್ವೀಪ ಸೇಂಟ್ ಲೂಸಿಯಾದವರೆಗೆ ಕೇಳಿರಬೇಕು.

ಇಪ್ಪತ್ತು ವರ್ಷ ಗೋಗರೆದ ಮೇಲೆ ಉನಾಳ ಆಸೆಯೊಂದು ಕೈಗೂಡಿತು. ಲೋಕಮಂಡಳಿಯವರು ಒಪ್ಪಿದ, ಲೆಕ್ಕಕ್ಕೆ ಬರುವ ಪಂದ್ಯಾವಳಿಯೊಂದು ನಮ್ಮ ದ್ವೀಪಕ್ಕೆ ಬಂತು. ಗೆದ್ದವರಿಗೆ ಇಡೀ ಅಮೆರಿಕ ಖಂಡದ ದೊಡ್ಡ ಕಪ್ಪಿನಲ್ಲಿ ಆಡುವ ಅವಕಾಶ. ನಮ್ಮ ಹುಡುಗಿಯರು ಹಟಕ್ಕೆ ಬಿದ್ದು ಫೈನಲ್ಲಿಗೆ ಬಂದರು. ಎದುರಿಗೆ ಟ್ರಿನಿಡಾಡ್. ಅವರ ಮ್ಯಾನೇಜರು ಯಾರು ಅಂತೀರಿ? ಅದೇ ಇಂದ್ರಾಣಿ.

ಶನಿವಾರ ಫೈನಲ್ಲು, ಶುಕ್ರವಾರ ಸಂಜೆ ಮೈದಾನಕ್ಕೆ ನೀರು ಹಾಯಿಸುವ ಪಂಪು ಕೆಟ್ಟಿತು. ಉನಾ ಹೆದರಲಿಲ್ಲ. ಶನಿವಾರದ ತನ್ನ ಟ್ಯಾಂಕರನ್ನೇ ಮೈದಾನಕ್ಕೆ ತರುತ್ತೇನೆಂದು ನೀರಿನ ಇಲಾಖೆಯ ಮೇಲಿನವರನ್ನು ಕೇಳಿ ಒಪ್ಪಿಸಿದಳು. ಶನಿವಾರ ಬೆಂಟ್ಲಿ ಗುಡ್ಡದವರ ಸರದಿ. ಅವರಿಗೆ ಸೋಮವಾರ ಕೊಟ್ಟರಾಯಿತು ಎಂದವಳೂ ಅವಳೇ. ಅಲ್ಲಿ ನೀರಿಲ್ಲದೆ ವಾರ ಮೀರಿತ್ತು. ಇನ್ನೆರಡು ದಿನ ತಾನೇ ಎಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ನನ್ನ ವಡೆಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಟ್ಯಾಂಕರು ಹತ್ತಿದೆ. ಅವಳು ಆಗಲೇ ನೀಲಿ ಕೋಟು ತೊಟ್ಟಿದ್ದಳು. ನೀರು ತುಂಬಿಸುವ ಜಾಗದಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿ, ನಮ್ಮ ಹಿಂದೆಯೇ ಅದರ ಬಾಗಿಲು ಹಾಕಿದರು. ಶನಿವಾರ ಅದು ಅರ್ಧ ದಿನ ಮಾತ್ರ. ಮತ್ತೆ ತೆರೆಯುವುದು ಸೋಮವಾರವೇ.

ದೊಡ್ಡ ರಸ್ತೆಯಲ್ಲಿ ಒಂದು ವೃತ್ತ ಬರುತ್ತದೆ. ಎಡಕ್ಕೆ ಮೈದಾನ, ಬಲಕ್ಕೆ ಬೆಂಟ್ಲಿ ಗುಡ್ಡ. ಅಲ್ಲಿ ಗುಡ್ಡದ ಬುಡದಲ್ಲಿ ಜನ ನಿಂತಿದ್ದರು. ಬಕೆಟ್ಟು, ಕೊಡ, ಬಣ್ಣದ ಡಬ್ಬ, ಒಬ್ಬಳ ಬಳಿ ಮಗುವಿನ ತಳ್ಳುಗಾಡಿಯ ತುಂಬ ಬರೀ ಬಾಟಲಿ. ಸೋಮವಾರದ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಟ್ಯಾಂಕರು ಕಂಡದ್ದೇ ತಡ, "ಉನಾ ಬಂದ್ಲು! ಉನಾ ಬಂದ್ಲು!" ಎಂದು ಕೈಯೆತ್ತಿದರು.

ಅವಳು ವೃತ್ತದ ಅಂಚಿಗೆ ಗಾಡಿ ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?" ಎಂದೆ.

"ಇವತ್ತು ಶನಿವಾರ ಕಣೇ."

"ಗೊತ್ತಮ್ಮಾ ತಾಯಿ, ಇವತ್ತೇ ಫೈನಲ್ಲು."

"ಅವರದೂ ಇವತ್ತೇ."

"ಅರ್ಧ ಅವರಿಗೆ ಕೊಡು, ಅರ್ಧ ಮೈದಾನಕ್ಕೆ ಹಾಕು. ಇಬ್ಬರಿಗೂ ಆಯ್ತು" ಎಂದೆ.

"ಅರ್ಧ ಒದ್ದೆ, ಅರ್ಧ ಒಣ ಮಾಡಿದ್ರೆ ಚೆಂಡು ಒಂದು ಕಡೆ ಹಾರತ್ತೆ, ಒಂದು ಕಡೆ ನಿಲ್ಲತ್ತೆ. ಓಡ್ತಾ ಇರೋ ಮಗು ಮೂತಿ ಒಡ್ಕೊಳತ್ತೆ. ಹಾಕಿದ್ರೆ ಪೂರ್ತಿ ಹಾಕ್ಬೇಕು, ಇಲ್ದಿದ್ರೆ ಮುಟ್ಟಬಾರ್ದು."

"ಹಾಗಾದ್ರೆ ಪೂರ್ತಿ ಹಾಕು! ನಮ್ಮ ಹುಡುಗೀರು ಎರಡು ತಿಂಗಳಿಂದ ಒದ್ದೆ ಮೈದಾನದಲ್ಲಿ ಓಡೋದು ಕಲ್ತಿದಾರೆ. ಟ್ರಿನಿಡಾಡಿನವರು ಊರಲ್ಲಿ ಒಣ ಹುಲ್ಲಿನ ಮೇಲೇ ಆಡಿ ಬೆಳ್ದೋರು. ಒಣಗಿಸಿಟ್ರೆ ಕಪ್ಪನ್ನ ತಟ್ಟೇಲಿಟ್ಟು ಕೊಟ್ಟ ಹಾಗೆ."

"ಗೊತ್ತು."

"ನಿನ್ನ ಇಪ್ಪತ್ತು ವರ್ಷ ಉನಾ!"

"ಅದೂ ಗೊತ್ತು ಕಣೇ. ಸ್ವಲ್ಪ ಬಾಯಿ ಮುಚ್ಚು."

ಅವಳು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಗುಡ್ಡದ ಕಡೆ ನೋಡಿದಳು. ಹಿಂದಿನ ಬಸ್ಸಿನವನು ಹಾರನ್ನು ಹೊಡೆದು ಅವಳ ಅಪ್ಪ ಅಮ್ಮ ಎಲ್ಲರನ್ನೂ ನೆನೆಸಿಕೊಂಡ. ತಳ್ಳುಗಾಡಿಯವಳು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಉನಾ ಬಲಕ್ಕೆ ತಿರುಗಿಸಿದಳು. ಎರಡು ಗಿಡ್ಡ, ಒಂದು ಉದ್ದ. ಗುಡ್ಡದ ತುದಿ ಮುಟ್ಟುವವರೆಗೆ ನಾನು ಅವಳನ್ನು ಬೈದೆ. ನನ್ನ ಬಾಯಿಗೆ ದೇವರು ಬೀಗ ಕೊಟ್ಟಿಲ್ಲ.

ಮೇಲೆ ಅವಳದು ಗಾಳಿಯ ವೇಗ. ಕೋಟು ಬಿಚ್ಚುವಷ್ಟೂ ಪುರುಸೊತ್ತಿಲ್ಲ. ಮಣ್ಣಿನ ಪಾತ್ರೆ ಮಾಡುವ ಮುದುಕಿ ಮಿಸ್ ಎಲ್ಡಿನ್‌ಳ ಮನೆ ಮುಂದೆ ಕೊಳವೆ ಕೈಜಾರಿ, ಅರ್ಧ ಡ್ರಮ್ಮಿನಷ್ಟು ನೀರು ಮಣ್ಣುಪಾಲಾಯಿತು. "ಕಣ್ಣು ಕಾಣಲ್ವಾ ನಿಂಗೆ?" ಎಂದು ಮುದುಕಿ ರೇಗಿದಳು. ಉನಾ "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತಲೇ ಮುಂದಿನ ಮನೆಗೆ ಓಡಿದಳು. ಟ್ಯಾಂಕರು ಬರಿದಾಯಿತು. ಅದೇ ವೇಗದಲ್ಲಿ ಗುಡ್ಡ ಇಳಿದೆವು.

ಮೈದಾನದಲ್ಲಿ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಪಂದ್ಯಾವಳಿಯ ಯಜಮಾನಿ ಅರ್ಜೆಂಟೀನಾದ ಮಿರ್ತಾ ಒಲಿವೇರಿ. ಸೋರೆಬುರುಡೆಯ ಲೋಟದಿಂದ ಕಬ್ಬಿಣದ ಕೊಳವೆಯಲ್ಲಿ ಕಹಿ ಕಷಾಯ ಹೀರುವ, ಹುಬ್ಬಿನಲ್ಲೇ ಆಜ್ಞೆ ಕೊಡುವ ಹೆಂಗಸು. ಒಂದು ಕಡೆ ನಮ್ಮ ತಂಡದ ತರಬೇತುದಾರ ರಾಲ್ ಅಲೇನ್, ಇನ್ನೊಂದು ಕಡೆ ಇಂದ್ರಾಣಿ. ನಾನು ಬಾಗಿಲಲ್ಲಿ ವಡೆಯ ಡಬ್ಬಿ ಹಿಡಿದು ನಿಂತೆ. ಹೋಗೆಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ನಾನು ಹೋಗುತ್ತಿರಲಿಲ್ಲ.

ಉನಾಳ ಕೋಟಿನ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಿರ್ತಾ ಅದನ್ನು ನೋಡಿ ಸಮಾಧಾನದ ಉಸಿರು ಬಿಟ್ಟಳು. "ನೀರು ಹಾಕಿ ಆಯ್ತು ತಾನೇ?"

"ಆಯ್ತು."

"ಮೈದಾನಕ್ಕೆ?"

"ಇಲ್ಲ. ಕುಡಿಯೋರಿಗೆ."

ಉನಾ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಲಂಕಾರವಿಲ್ಲ, ಅಳುವಿಲ್ಲ. ರಾಲ್ ಕುರ್ಚಿ ಒದ್ದು ಎದ್ದ.

"ಅಕ್ಕಾ, ನೀನು ನಮ್ಮೋಳಾ, ಶತ್ರುಗಳ ಕಡೆಯೋಳಾ? ನನ್ನ ಮಕ್ಕಳ ಕಾಲು ಕಟ್ಟಿ ಓಡು ಅಂತೀಯಲ್ಲ! ಅವರ ಮುಖ ಹೇಗೆ ನೋಡ್ಲಿ ನಾನು?"

"ನನ್ನ ಹೆಸರು ಹೇಳು ರಾಲ್. ಬೈಯೋದಾದ್ರೆ ನನ್ನನ್ನ ಬೈಯ್ಲಿ."

ಮಿರ್ತಾ ಲೋಟವನ್ನು ಕೆಳಗಿಟ್ಟಳು. "ಮನಸ್ಸಿಗೆ ಅರ್ಥ ಆಗತ್ತೆ. ಆದ್ರೆ ನಿಯಮಕ್ಕೆ ಮನಸ್ಸಿಲ್ಲ. ನೆನೆಸದ ಮೈದಾನದಲ್ಲಿ ಆಡಿಸ್ಬೇಕು ಅಂದ್ರೆ ಎರಡೂ ತಂಡ ಒಪ್ಪಬೇಕು. ಒಬ್ಬರು ಬೇಡ ಅಂದ್ರೂ ಆಟ ಇಲ್ಲ. ಆಟ ಇಲ್ಲ ಅಂದ್ರೆ ಅಂಕಪಟ್ಟೀಲಿ ಮೇಲಿರೋ ಟ್ರಿನಿಡಾಡ್‌ಗೆ ಕಪ್ಪು."

ಎಲ್ಲರ ಕಣ್ಣೂ ಇಂದ್ರಾಣಿಯ ಮೇಲೆ. ಬೆವರದೆ ಕಪ್ಪು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಬೇಡ ಎಂಬ ಒಂದು ಮಾತು ಸಾಕಿತ್ತು. ಅವಳು ನಿಧಾನವಾಗಿ ಪ್ಯಾಂಟಿನ ಕಾಲು ಮೇಲೆಳೆದು ಮೊಣಕಾಲು ತೋರಿಸಿದಳು. ಹಳೆಯ ಕಲೆ ನಾಣ್ಯದ ಹಾಗೆ ಹೊಳೆಯುತ್ತಿತ್ತು.

"ಇದು ನೆನಪಿದೆಯಾ ಉನಾ?"

"ಮರೆಯೋಕೆ ನೀನು ಬಿಟ್ರೆ ತಾನೇ."

"ನೀರಿಲ್ಲ ಅಂದಾಗ ಸಮುದ್ರಾನೇ ತಂದು ಸುರಿದೋಳು ನೀನು. ಅಂಥಾ ಹಟಮಾರಿ ಇವತ್ತು ತುಂಬಿದ ಟ್ಯಾಂಕರನ್ನ ಗುಡ್ಡದ ಮೇಲೆ ಖಾಲಿ ಮಾಡಿ ಬಂದಿದೀಯ ಅಂದ್ರೆ ಅಲ್ಲಿ ಬಾಯಾರಿಕೆ ಎಷ್ಟಿರ್ಬೇಕು!" ಪ್ಯಾಂಟು ಇಳಿಸಿ ಮಿರ್ತಾಳ ಕಡೆ ತಿರುಗಿದಳು. "ನಾವು ಆಡ್ತೀವಿ. ನಾನೇನು ಸಂತಳಲ್ಲ ಮೇಡಂ, ಒಣ ಮೈದಾನ ಅಂದ್ರೆ ನನ್ನ ಹುಡುಗೀರಿಗೆ ಹಬ್ಬ. ಆದ್ರೆ ಕಪ್ಪನ್ನ ಆಡೇ ತಗೊಂಡು ಹೋಗ್ತೀವಿ."

ರಾಲ್ ಗತ್ಯಂತರವಿಲ್ಲದೆ ತಲೆದೂಗಿ ಒಪ್ಪಿದ.

ಆಟದ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಸುಡುವ ಹುಲ್ಲಿನ ಮೇಲೆ ಚೆಂಡು ಮೊಂಡು ಕತ್ತೆಯಂತೆ ನಿಂತುಬಿಡುತ್ತಿತ್ತು. ನಮ್ಮ ಹುಡುಗಿಯರು ಮುಂದೆ ಓಡಿಹೋಗಿ ಹಿಂದೆ ನೋಡಿದರೆ ಚೆಂಡು ಅಲ್ಲೇ. ಒಂದು ಗೋಲು ಹೊಡೆದರು. ಆಮೇಲೆ ಎರಡು ತಿಂದರು. ಕೊನೆಗಳಿಗೆಯಲ್ಲಿ ನಮ್ಮ ಪುಟ್ಟ ನಾಯಕಿ ಒಬ್ಬಳೇ ನುಗ್ಗಿದಳು, ಅವರ ಗೋಲು ಕಾಯುವವಳೂ ಬಿದ್ದಿದ್ದಳು. ತಳ್ಳಿದ ಚೆಂಡು ಗೆರೆಯ ಹತ್ತಿರ ಹೋಗಿ, ಹೋಗಿ, ನಿಂತಿತು. ಒದ್ದೆಯಾಗಿದ್ದರೆ ಒಳಗಿತ್ತು. ಅದು ನನಗೆ ಗೊತ್ತು, ರಾಲ್‌ಗೆ ಗೊತ್ತು, ಮೇಜಿನ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಉನಾಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕೊನೆಯ ಸೀಟಿ ಊದಿದಾಗ ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ.

ಜನಕ್ಕೆ ಗುಡ್ಡದ ವಿಷಯ ತಿಳಿದಿರಲಿಲ್ಲ. "ಉಪ್ಪಿನ ಉನಾ ಈ ಸಲ ನೀರನ್ನೇ ಮರೆತ್ಲು!" ಎಂದು ಕೂಗಿದರು. "ಟ್ರಿನಿಡಾಡಿನವರು ಎಷ್ಟು ಕೊಟ್ರೇ?" ಎಂದ ಒಬ್ಬ. ಅವನು ಆಮೇಲೆ ವಡೆಗೆ ಕೈ ಚಾಚಿದ. ಕೊಡುವುದಿಲ್ಲ ಹೋಗೋ ಎಂದೆ. ನಿಜ ಹೇಳಲು ಬಾಯಿ ತೆರೆದ ನನ್ನ ತೋಳನ್ನು ಉನಾ ಹಿಂದಿನಿಂದ ಹಿಡಿದಳು.

"ಹೇಳ್ಬೇಡ. ಹೇಳಿದ್ರೆ ನಾಳೆ ಗುಡ್ಡದವರ ಮೇಲೆ ತಿರುಗಿ ಬೀಳ್ತಾರೆ, ನಿಮ್ಮಿಂದ ಸೋತ್ವಿ ಅಂತ. ನೀರು ಕುಡಿಯೋರ ಬಾಯಿಗೆ ಯಾಕೆ ಕಹಿ ಹಾಕ್ತೀಯ?"

ಅಷ್ಟಕ್ಕೇ ಮುಗಿಯಲಿಲ್ಲ. ಜನ ಕರಗಿದ ಮೇಲೆ ಮಿರ್ತಾ ಅವಳನ್ನು ಹುಡುಕಿಕೊಂಡು ಬಂದಳು. ಮೈದಾನ ಯಾಕೆ ಒಣಗಿತ್ತು ಎಂದು ಅವಳು ಲೋಕಮಂಡಳಿಗೆ ವರದಿ ಒಪ್ಪಿಸಬೇಕಿತ್ತು. ಕೆಟ್ಟ ಹೆಂಗಸಲ್ಲ, ಉನಾಳನ್ನು ಉಳಿಸಲೆಂದೇ ಬಂದಿದ್ದಳು. ದನಿ ತಗ್ಗಿಸಿ, "ಪಂಪು ಕೆಟ್ಟಿತ್ತು ಅಂತ ಬರೀತೀನಿ. ಅದು ಸುಳ್ಳೇನೂ ಅಲ್ಲ. ನಿಮ್ಮ ಹೆಸರು ಬರಲ್ಲ" ಎಂದಳು.

"ಹಾಗೆ ಬರೆದ್ರೆ ಮೈದಾನಕ್ಕೇನಾಗತ್ತೆ?"

ಮಿರ್ತಾ ತಡವರಿಸಿದಳು. "ಮೈದಾನ ಪಂದ್ಯಾವಳಿಗೆ ಯೋಗ್ಯ ಅಲ್ಲ ಅಂತಾರೆ. ಮತ್ತೆ ಇಲ್ಲಿಗೆ ಕೊಡೋದು ಕಷ್ಟ."

"ನನ್ನ ಹೆಸರು ಬರೆದ್ರೆ?"

"ಮೈದಾನ ಉಳಿಯತ್ತೆ. ನೀವು ಉಳಿಯಲ್ಲ. ಇನ್ನು ಯಾವ ಪಂದ್ಯಾವಳಿಗೂ ನಿಮ್ಮನ್ನ ಕರೆಯಲ್ಲ."

ಉನಾ ಯೋಚಿಸಲೇ ಇಲ್ಲ. "ಹಾಗಾದ್ರೆ ಪೂರ್ತಿ ಬರೀರಿ ಮೇಡಂ. ನೀರಿತ್ತು, ಟ್ಯಾಂಕರಿತ್ತು, ಉನಾ ಗಿಟನ್ಸ್ ತರ್ಲಿಲ್ಲ ಅಂತ. ನಾನು ಇವತ್ತಲ್ಲ ನಾಳೆ ಮುದುಕಿಯಾಗಿ ಬಿಡೋಳೇ. ಈ ಮಕ್ಕಳಿಗೆ ಆಡೋಕೆ ಇನ್ನೊಂದು ಮೈದಾನ ಇಲ್ಲ."

ಕೋಟು ಬಿಚ್ಚಿ, ಒದ್ದೆ ತೋಳುಗಳನ್ನು ಒಳಗೆ ಮಡಿಸಿ, ಮಿರ್ತಾಳ ಕೈಗೆ ಕೊಟ್ಟಳು. ಮಿರ್ತಾ ಅದನ್ನು ಎದೆಗೊತ್ತಿಕೊಂಡು ಏನೋ ಸ್ಪ್ಯಾನಿಷಿನಲ್ಲಿ ಹೇಳಿದಳು. ನಮಗಿಬ್ಬರಿಗೂ ತಿಳಿಯಲಿಲ್ಲ, ಆದರೆ ಅವಳ ಕಣ್ಣು ಒದ್ದೆಯಾಗಿತ್ತು. ನಾನಂತೂ ಹೋ ಎಂದು ಅತ್ತೆ. ನಾಚಿಕೆಯೇನೂ ಇಲ್ಲ. ಬೆಳಿಗ್ಗೆಯೆಲ್ಲ ಬೈದ ಅದೇ ಬಾಯಿಂದ ಹೇಳುತ್ತೇನೆ, ಅಂಥ ಹೆಂಗಸಿನ ಹಿಂದೆ ನಿಂತು ಗೋಲು ಕಾದದ್ದು ನನ್ನ ಪುಣ್ಯ.

ಮಿರ್ತಾ ಹಾಗೆಯೇ ಬರೆದಳು. ಮೈದಾನ ಉಳಿಯಿತು. ಎರಡು ವರ್ಷದ ಮೇಲೆ ಮತ್ತೊಂದು ಪಂದ್ಯಾವಳಿ ಬಂತು, ನಮ್ಮ ಹುಡುಗಿಯರು ಗೆದ್ದರು. ಅವತ್ತು ಮೇಜಿನ ಹಿಂದೆ ಬೇರೆ ಯಾರೋ ಕೂತಿದ್ದರು. ಉನಾ ನನ್ನ ಅಂಗಡಿಯ ಪಕ್ಕ ಬಕೆಟ್ಟು ಬೋರಲು ಹಾಕಿ ಕೂತು, ಗಂಟಲು ಹರಿಯುವಂತೆ ಕೂಗಿದಳು. ಅಧಿಕಾರಿಯಾಗಿದ್ದಷ್ಟು ಕಾಲ ಬಾಯಿ ಬಿಡುವ ಹಾಗಿರಲಿಲ್ಲವಲ್ಲ, ಅದನ್ನೆಲ್ಲ ಒಂದೇ ದಿನ ತೀರಿಸಿಕೊಂಡಳು.

ಆದರೆ ಉನಾ ಎಂದೊಡನೆ ನನಗೆ ಆ ಗೆಲುವು ನೆನಪಾಗುವುದಿಲ್ಲ. ಸೋತ ಮರುದಿನದ ಮರುದಿನ, ಆ ಸೋಮವಾರ ನೆನಪಾಗುತ್ತದೆ. ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ಅವತ್ತೂ ಟ್ಯಾಂಕರು ಹತ್ತಿದ್ದೆ. ಶನಿವಾರ ಚೆಲ್ಲಿದ್ದನ್ನು ತುಂಬಿಕೊಡಬೇಕೆಂದು ಅವಳು ಮೊದಲು ಹೋದದ್ದು ಬೆಂಟ್ಲಿ ಗುಡ್ಡಕ್ಕೆ. ಮಿಸ್ ಎಲ್ಡಿನ್ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು.

"ಬಂದ್ಯಾ ಮಹಾರಾಣಿ? ವಾರಗಟ್ಟಲೆ ಒಣಗಿಸಿ, ಬಂದೋಳು ಶನಿವಾರ ಕೋಟು ಹಾಕ್ಕೊಂಡು ಮದುವೆಗೆ ಹೊರಟೋಳ ಹಾಗೆ ಅರ್ಧ ಚೆಲ್ಲಿ ಓಡಿಹೋದೆಯಲ್ಲ. ಏನಮ್ಮಾ ಅಂಥಾ ಅವಸರ?"

ಊರು ಉಪಕಾರ ಅರಿಯದು ಎನ್ನುವುದು ಸುಳ್ಳಲ್ಲ. ಹೇಳಿಯೇಬಿಡುತ್ತೇನೆ ಎಂದು ಇಳಿದೆ. ಉನಾ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ನಾನು ಬಾಯಿ ಮುಚ್ಚಿಕೊಂಡೆ.

"ಸ್ವಲ್ಪ ಕೆಲಸ ಇತ್ತು ಮಿಸ್ ಎಲ್ಡಿನ್" ಎಂದಳು ಉನಾ.

"ಕೆಲಸವಂತೆ ಕೆಲಸ! ಬಾಯಾರಿದೋರಿಗೆ ನೀರು ಕೊಡೋದಕ್ಕಿಂತ ದೊಡ್ಡ ಕೆಲಸ ಯಾವ್ದಿತ್ತೇ ನಿಂಗೆ?"

"ಯಾವ್ದೂ ಇರ್ಲಿಲ್ಲ" ಎಂದು ಉನಾ ಕೊಳವೆಯನ್ನು ಮುದುಕಿಯ ಡ್ರಮ್ಮಿಗೆ ಹಚ್ಚಿ, ತುಂಬುವವರೆಗೆ ಎರಡೂ ಕೈಯಲ್ಲಿ ಹಿಡಿದು ನಿಂತಳು.